ಜಾಹೆದಾ ಓದಿದ ಗೋಡೆ

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ, ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹೊಲಿಗೆ ಅಂಗಡಿ ಇದೆ. ಓಣಿಯವರು ಅದನ್ನು 'ಮೂಕಿ ಅಂಗಡಿ' ಎಂದು ಕರೆಯುತ್ತಾರೆ. ಹಾಗೆ ಕರೆಯುವವರಲ್ಲಿ ಪದವೀಧರರೂ ಇರುವುದರಿಂದ ತಪ್ಪನ್ನು ಇಲ್ಲಿಯೇ ತಿದ್ದಬೇಕಾಗಿದೆ. ಅಂಗಡಿಯ ಒಡತಿಯ ಹೆಸರು ಜಾಹೆದಾ, ವಯಸ್ಸು ಮೂವತ್ತಾರು. ಎರಡನೆಯ ವರ್ಷದಲ್ಲಿ ಬಂದ ಜ್ವರ ಆಕೆಯ ಕಿವಿಯನ್ನು ಮಾತ್ರ ಒಯ್ದಿತು, ಮಾತನ್ನು ಒಯ್ಯಲಿಲ್ಲ. ಮಾತು ಕೈಗೆ ಇಳಿಯಿತು, ಅಷ್ಟೇ. ಆಕೆಯಷ್ಟು ಮಾತುಗಾತಿ ಇಡೀ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲವೆಂದು ಆಕೆಯ ಅಣ್ಣ ಮೆಹಬೂಬ್ ಪಾಷಾ ಪ್ರಮಾಣ ಮಾಡಿ ಹೇಳುತ್ತಾನೆ. ಆತ ಆಟೋ ಓಡಿಸುವವನು. ಹಿಂದಿನ ಸೀಟಿನಿಂದ ಆಕೆ ಏನಾದರೂ ಹೇಳಹೊರಟರೆ ಆತ ಕನ್ನಡಿ ನೋಡಬೇಕಾಗುತ್ತದೆ, ಎದುರಿಗೆ ಲಾರಿ ಬರುತ್ತಿರುತ್ತದೆ.

ಜಾಹೆದಾ ಹುಟ್ಟಿನಿಂದ ಹೀಗೆ ನಗುನಗುತ್ತ ಇದ್ದವಳಲ್ಲ. ಹದಿನಾರರಿಂದ ಹದಿನೆಂಟರವರೆಗೆ, ಎರಡು ವರ್ಷ ಪೂರ್ತಿ, ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವಳು. ತಾಯಿ ದರ್ಗಾಗಳಿಗೆ ಕರೆದೊಯ್ದಳು, ಅಣ್ಣ ದವಾಖಾನೆಗಳಿಗೆ ಕರೆದೊಯ್ದ. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ 'ನಿನಗೇನಾಗಿದೆ' ಎಂದು ಆಕೆಯನ್ನೇ ಕೇಳಲು ಆ ಮನೆಯಲ್ಲಿ ಯಾರಿಗೂ ಭಾಷೆ ಇರಲಿಲ್ಲ. ಕೇಳಿದ್ದರೂ ಹೇಳಲು ಆಕೆಗೂ ಇರಲಿಲ್ಲ.

ಭಾಷೆ ಸಿಕ್ಕಿದ್ದು 2006ರಲ್ಲಿ, ದೇವದುರ್ಗದ ಬಸ್ ನಿಲ್ದಾಣದಲ್ಲಿ, ಒಂದು ಜಗಳದ ರೂಪದಲ್ಲಿ. ಸೋದರತ್ತೆಯ ಮಗಳ ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಕಂಬದ ಪಕ್ಕದಲ್ಲಿ ಒಬ್ಬ ಹೆಂಗಸು ತನ್ನ ಗಂಡನೊಂದಿಗೆ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದಳು. ಗಂಡ ತಂದಿದ್ದ ಬದನೆಕಾಯಿಗಳಲ್ಲಿ ಹುಳುಗಳಿದ್ದವು. ಜಾಹೆದಾಳಿಗೆ ಒಂದು ಪದವೂ ತಿಳಿಯಲಿಲ್ಲ; ಆದರೆ ಅದು ಜಗಳವೆಂಬುದು ತಿಳಿಯಿತು, ಹೆಂಡತಿ ಗೆಲ್ಲುತ್ತಿದ್ದಾಳೆಂಬುದೂ ತಿಳಿಯಿತು. ಮಾನ್ವಿಯ ಕಡೆಗೆ ಮೂರು ಬಸ್ಸುಗಳು ಹೋದವು. ಅಣ್ಣ ತೋಳು ಹಿಡಿದು ಎಳೆದರೂ ಆಕೆ ಕದಲಲಿಲ್ಲ. ಜಗಳ ಗೆದ್ದ ಹೆಂಗಸು ತಿರುಗಿ ನೋಡಿ, ತನ್ನ ಕಿವಿ ಮುಟ್ಟಿ ಇಲ್ಲವೆಂದು ಕೈಯಾಡಿಸಿದಳು. ಜಾಹೆದಾ ತನ್ನ ಕಿವಿ ಮುಟ್ಟಿ ಹಾಗೆಯೇ ಕೈಯಾಡಿಸಿದಳು. ಆ ಹೆಂಗಸು ವೀರಭದ್ರಮ್ಮ. ಪಕ್ಕದಲ್ಲಿದ್ದ ಆಕೆಯ ಹತ್ತು ವರ್ಷದ ಮಗ ಬಸವಪ್ರಸಾದನಿಗೆ ಕಿವಿ ಕೇಳಿಸುತ್ತಿತ್ತು. ಅವನೇ ಮನೆಯ ವಿಳಾಸವನ್ನು ಮೆಹಬೂಬ್ ಪಾಷಾನಿಗೆ ಬಾಯಿಪಾಠದಂತೆ ಒಪ್ಪಿಸಿದ. ಮುಂದಿನ ಹನ್ನೊಂದು ತಿಂಗಳು, ಪ್ರತಿ ಶನಿವಾರ, ಜಾಹೆದಾ ದೇವದುರ್ಗಕ್ಕೆ ಹೋಗಿ ವೀರಭದ್ರಮ್ಮನ ಅಡುಗೆಮನೆಯಲ್ಲಿ ಭಾಷೆ ಕಲಿತಳು. ಮೊದಲು ಕಲಿತ ಪದ ಬದನೆಕಾಯಿ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಅಂಗಡಿಯಲ್ಲಿ ಮಷೀನುಗಳು ಗೋಡೆಗೆ ಸರಿಯುತ್ತವೆ. ಮಾನ್ವಿ, ಕವಿತಾಳ, ನೀರಮಾನ್ವಿ ಮತ್ತು ಸುತ್ತಲಿನ ಹಳ್ಳಿಗಳಿಂದ ಹದಿನಾಲ್ಕು ಜನ ಕಿವುಡ ಹುಡುಗ ಹುಡುಗಿಯರು ಬಂದು ದುಂಡಗೆ ಕುಳಿತುಕೊಳ್ಳುತ್ತಾರೆ. ದುಂಡಗೆ ಕೂರದಿದ್ದರೆ ಪಕ್ಕದವನ ಮಾತು ಕಾಣುವುದಿಲ್ಲ. ಜಾಹೆದಾ ಟ್ಯೂಬ್‌ಲೈಟನ್ನು ಎರಡು ಸಲ ಆರಿಸಿ ಹೊತ್ತಿಸುತ್ತಾಳೆ; ಅದೇ ಶಾಲೆಯ ಗಂಟೆ. ಅಲ್ಲಿ ಒಬ್ಬೊಬ್ಬರಿಗೂ ಕೈಯಲ್ಲಿ ಒಂದು ಹೆಸರಿದೆ. ಜಾಹೆದಾಳ ಹೆಸರು ಹಲ್ಲಿನಲ್ಲಿ ದಾರ ಕಡಿಯುವುದು. ಕೂಟ ಮುಗಿಯುವುದು ಹನ್ನೆರಡಕ್ಕೆ, ಬೀಳ್ಕೊಡುಗೆ ಮುಗಿಯುವುದು ಒಂದೂವರೆಗೆ. ವಾರದ ಉಳಿದ ಆರು ದಿನ ಮಾತನಾಡಲು ಮನೆಯಲ್ಲಿ ಯಾರೂ ಇಲ್ಲದವರು ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು, ಇನ್ನೊಂದೇ ಮಾತು ಎನ್ನುತ್ತಾರೆ.

ಈ ಕೂಟದಿಂದಲೇ ಇನ್ನೊಂದು ಕೆಲಸ ಹುಟ್ಟಿತು. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿರುವ ಡಾಕ್ಟರ್ ಅನುರಾಧಾ 2022ರಿಂದ ವಾರ ಬಿಟ್ಟು ವಾರ, ಗುರುವಾರಗಳಂದು, ಕಿವುಡ ಯುವಜನರನ್ನು ನೋಡುತ್ತಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಆದರೆ ಕಾಯ್ದೆಗೆ ಕೈಗಳು ಬಂದಿರಲಿಲ್ಲ. ಆ ಕೈಗಳನ್ನು ಒದಗಿಸಿದವರು ಇಬ್ಬರು. ಒಬ್ಬ ಬಸವಪ್ರಸಾದ, ಈಗ ದೇವದುರ್ಗದಲ್ಲಿ ಶಿಕ್ಷಕ. ಇನ್ನೊಬ್ಬಳು ಜಾಹೆದಾ. ವೈದ್ಯೆಯ ಮಾತನ್ನು ಬಸವಪ್ರಸಾದ ಕಲಿತ ಸನ್ನೆಭಾಷೆಗೆ ತಿರುಗಿಸುತ್ತಾನೆ. ಆದರೆ ಹಳ್ಳಿಯಿಂದ ಬರುವ ಹುಡುಗನಿಗೆ ಆ ಭಾಷೆ ತಿಳಿದಿರುವುದಿಲ್ಲ. ಅವನಲ್ಲಿರುವುದು ಅವನ ಮನೆಯಲ್ಲೇ ಹುಟ್ಟಿದ ಐವತ್ತೋ ಅರವತ್ತೋ ಸನ್ನೆಗಳು. ಅದಕ್ಕೆ ಬೇಕಾದವಳು ಜಾಹೆದಾ. ಪ್ರಶ್ನೆ ಎರಡು ಸೇತುವೆ ದಾಟಿ ಹೋಗುತ್ತದೆ, ಉತ್ತರ ಎರಡು ಸೇತುವೆ ದಾಟಿ ಬರುತ್ತದೆ. ಮುಂದೆ ಬರುವ ಜಾಹೆದಾಳ ಮಾತುಗಳೆಲ್ಲ ಕೈಯಲ್ಲಿ ಆಡಿದವು. ಬಾಯಿಮಾತಿನ ರೂಪದಲ್ಲಿ ಬರೆಯಲಾಗಿದೆ.

2024ರ ನವೆಂಬರ್ 21, ಗುರುವಾರ. ಕುರ್ಡಿಯಿಂದ ಅಯ್ಯಪ್ಪ ಎಂಬವರು ಹೆಂಡತಿ ಅಮರಮ್ಮನನ್ನೂ ಹತ್ತೊಂಬತ್ತು ವರ್ಷದ ಮಗ ಗೌತಮನನ್ನೂ ಕರೆದುಕೊಂಡು ಬಂದರು. ಅಯ್ಯಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವರು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮಡಿಸಿಡುವ ಮನುಷ್ಯ. ಗೌತಮ ಹುಟ್ಟು ಕಿವುಡ, ಗಾರೆ ಕೆಲಸದಲ್ಲಿ ಕೈ ಪಳಗಿದವನು. ಮೂರು ತಿಂಗಳಿಂದ ಅವನು ಕರಣೆ ಮುಟ್ಟಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ, ಗೋಡೆಯ ಮುಂದೆ ನಿಂತು ಒಬ್ಬನೇ ಕೈಯಾಡಿಸುತ್ತಿದ್ದ.

"ಸೋಮವಾರ ಸಂಜಿ ಬಸ್ಸಿಗಿ ಸೀಟು ಹಿಡದೀನ್ರೀ ಡಾಕ್ಟ್ರೇ," ಎಂದು ಅಯ್ಯಪ್ಪ ಒಂದು ಪತ್ರವನ್ನು ಮುಂದಿಟ್ಟರು. "ದೂರದ ದೊಡ್ಡ ದವಾಖಾನಿಗಿ ಸೇರಸ್ರಿ ಅಂತ ಇಲ್ಲೊಬ್ರು ಖಾಸಗಿ ಡಾಕ್ಟ್ರು ಬರಕೊಟ್ಟಾರ. ನಮ್ಮೂರ ಮಾಸ್ತರ್ರು ಒಮ್ಮಿ ನಿಮಗ ತೋರಿಸಿ ಹೋಗು ಅಂದ್ರು."

ಅನುರಾಧಾ ಪತ್ರ ಓದಿದರು. ನಾಲ್ಕು ಸಾಲು. ಕಾಣದ ವ್ಯಕ್ತಿಗಳೊಂದಿಗೆ ಸನ್ನೆ ಮಾಡುತ್ತಾನೆ, ತೀವ್ರ ಮನೋರೋಗ, ದಾಖಲಿಸುವುದು.

"ಎಷ್ಟೊತ್ತು ನೋಡಿದ್ರು ಇವನ್ನ?"

"ನಾಕು ನಿಮಿಷ ಆಗಿರಬೇಕ್ರೀ."

"ಏನು ಕೇಳಿದ್ರು ಇವನಿಗೆ?"

"ಇವಗೇನು ಕೇಳ್ತಾರ್ರೀ? ನನಗ ಕೇಳಿದ್ರು."

ಬಸವಪ್ರಸಾದ ಇದನ್ನು ಕೈಗೆ ಇಳಿಸಿದಾಗ ಜಾಹೆದಾ ಕಣ್ಣು ಮುಚ್ಚಿ ತೆರೆದಳು. ಸಾಲಿಗೊಂದು ನಿಮಿಷ. ಒಂದು ಜಂಪರಿನ ಅಳತೆ ತೆಗೆಯಲು ಆಕೆ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾಳೆ.

"ಮನ್ಯಾಗ ಯಾರ್ಯಾರದೀರಿ?" ಎಂದು ಅನುರಾಧಾ ಕೇಳಿದರು.

"ನಾವು ಮೂರೇ ಮಂದಿ ನೋಡ್ರಿ," ಎಂದರು ಅಯ್ಯಪ್ಪ. ಪ್ರಶ್ನೆ ಸರಿಯಾಗಿತ್ತು, ಉತ್ತರವೂ ಅಂದಿನ ಮಟ್ಟಿಗೆ ಸರಿಯಾಗಿತ್ತು. ನಿಜಸಂಗತಿ ಮಾತ್ರ ಅವೆರಡರ ಸಂದಿಯಲ್ಲಿ ಜಾರಿಹೋಯಿತು.

ಜಾಹೆದಾಳ ನಿಯಮಗಳು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಮೊದಲ ಅರ್ಧ ಗಂಟೆ ಮನೆಯವರು ಹೊರಗೆ. ಕಿಟಕಿಯ ಬೆಳಕು ಮಾತನಾಡುವವರ ಮುಖದ ಮೇಲೆ. ಕೈ ಮಾತನಾಡುತ್ತಿರುವಾಗ ವೈದ್ಯರು ಬರೆಯಕೂಡದು, ಏಕೆಂದರೆ ಕಣ್ಣು ಕಾಗದಕ್ಕಿಳಿದರೆ ಮಾತಿಗೆ ಬೆನ್ನು ತಿರುಗಿಸಿದಂತೆ. ಗೌತಮ ಕುರ್ಚಿಯಲ್ಲಿ ಕುಳಿತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಕೇಳಿಸುವ ಮನುಷ್ಯ ತುಟಿ ಹೊಲಿದುಕೊಂಡ ಹಾಗೆ ಅದು.

ಜಾಹೆದಾ ಏನನ್ನೂ ಕೇಳಲಿಲ್ಲ. ಅವನ ಅಂಗಿಯ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಚೀಲದಿಂದ ಸೂಜಿ ದಾರ ತೆಗೆದು, ಅವನು ತೊಟ್ಟಿದ್ದಂತೆಯೇ ಗುಂಡಿ ಹೊಲಿದು, ಬಾಗಿ ಹಲ್ಲಿನಿಂದ ದಾರ ಕಡಿದಳು. ಗೌತಮನ ಬಲಗೈ ತೊಡೆಯ ಕೆಳಗಿನಿಂದ ಹೊರಬಂತು. ಎಡಭುಜದಿಂದ ಸೊಂಟದವರೆಗೆ ಬೆರಳು ಹೆಣೆಯುತ್ತ ಇಳಿಯಿತು. ಜಡೆ. ಆಮೇಲೆ ಆ ಕೈ ಮತ್ತೆ ತೊಡೆಯ ಕೆಳಗೆ ಹೋಯಿತು, ಅರ್ಧ ಗಂಟೆ ಕಳೆದರೂ ಹೊರಬರಲಿಲ್ಲ.

ಜಡೆ ಎಂದರೆ ಯಾರೆಂದು ಹೊರಗಿದ್ದ ತಂದೆತಾಯಿಗಳನ್ನು ಕೇಳಿದರು. ಅಮರಮ್ಮ ತನ್ನ ಜಡೆ ಮುಟ್ಟಿ ನೋಡಿಕೊಂಡಳು. "ನಾನಾ ಇರಬೇಕ್ರೀ ಯವ್ವಾ."

"ಊರಾಗ ಅರ್ಧ ಮಂದಿಗಿ ಜಡಿ ಅದಾವ್ರಿ," ಎಂದರು ಅಯ್ಯಪ್ಪ. "ಅವನ ಸನ್ನಿ ನಮಗಷ್ಟು ತಿಳಿಯಂಗಿಲ್ಲ."

ಅನುರಾಧಾ ಸುತ್ತಿ ಬಳಸಿ ಮಾತನಾಡುವವರಲ್ಲ. "ಸೋಮವಾರ ಮಧ್ಯಾಹ್ನದೊಳಗ ನಾವು ಏನರ ತಿಳ್ಕೊಂಡ್ರ ಸರಿ," ಎಂದು ಬಸವಪ್ರಸಾದನ ಮೂಲಕ ಜಾಹೆದಾಳಿಗೆ ಹೇಳಿದರು. "ಇಲ್ಲಂದ್ರ ಈ ಪತ್ರ ತಪ್ಪು ಅಂತ ಬರಿಯಾಕ ನನ್ನ ಕಡಿ ಆಧಾರ ಇಲ್ಲ. ಹುಡುಗ ಉಪವಾಸ ಬಿದ್ದಾನ. ಕಳಸಬೇಕಾಗ್ತದ."

ಕಳಿಸಿದರೆ ಏನಾಗುತ್ತದೆಂದು ಜಾಹೆದಾಳಿಗೆ ಗೊತ್ತಿತ್ತು. ಅಲ್ಲಿ ಈ ಹುಡುಗನ ಅರವತ್ತು ಸನ್ನೆಗಳನ್ನು ಓದುವವರು ಒಬ್ಬರೂ ಇರುವುದಿಲ್ಲ. ಅವನು ಕೈಯಾಡಿಸಿದಷ್ಟೂ ರೋಗ ಹೆಚ್ಚಾಯಿತೆಂದು ಬರೆಯುತ್ತಾರೆ.

"ಮನಿ ಭಾಷಿ ತಿಳೀಬೇಕಂದ್ರ ಮನಿ ನೋಡಬೇಕು," ಎಂದಳು. "ಐತಾರ ನಾ ಕುರ್ಡಿಗಿ ಹೋಗ್ತೀನಿ."

ಭಾನುವಾರದ ಕೂಟದ ಟ್ಯೂಬ್‌ಲೈಟಿನ ಸ್ವಿಚ್ಚನ್ನು ಆ ವಾರ ಮೊದಲ ಬಾರಿಗೆ ಬೇರೆಯವರ ವಶಕ್ಕೆ ಕೊಟ್ಟು ಜಾಹೆದಾ ಕುರ್ಡಿಯ ಬಸ್ಸು ಹತ್ತಿದಳು. ದೇವದುರ್ಗದಿಂದ ಬರಬೇಕಾಗಿದ್ದ ಬಸವಪ್ರಸಾದನಿಗೆ ಸಿರವಾರದಲ್ಲಿ ಬಸ್ಸು ತಪ್ಪಿತು. ಹೀಗಾಗಿ ಆಕೆ ಒಬ್ಬಳೇ ಮೊದಲು ತಲುಪಿದಳು, ಮತ್ತು ಆ ನಲವತ್ತು ನಿಮಿಷಗಳ ಅಂತರವೇ ಈ ಸಂಗತಿಗೆ ದಾರಿ ಮಾಡಿತು. ಬಸವಪ್ರಸಾದ ಜೊತೆಗಿದ್ದಿದ್ದರೆ ಅಯ್ಯಪ್ಪ ಬಾಯಿಮಾತಿನಲ್ಲಿ ಎಲ್ಲವನ್ನೂ ವಿವರಿಸುತ್ತಿದ್ದರು, ಜಾಹೆದಾ ಆ ಮನೆಯನ್ನು ಗೌತಮನ ಕಣ್ಣಿನಿಂದ ನೋಡುತ್ತಿರಲಿಲ್ಲ.

ಎರಡು ಕೋಣೆಗಳ ಮನೆ. ಗಾರೆಯವನ ಮನೆಯಾದ್ದರಿಂದ ಗೋಡೆಗಳು ಕನ್ನಡಿಯಂತೆ ನುಣುಪು. ಅಮರಮ್ಮ ಚಹಾ ಕೊಟ್ಟು ಕೂಡಿಸಿದಳು; ಅಯ್ಯಪ್ಪ ಬಿಸ್ಕತ್ತು ತರಲು ಅಂಗಡಿಗೆ ಹೋದರು; ಗೌತಮ ಹಿತ್ತಲಿನ ಬೇವಿನ ಮರದ ಕೆಳಗೆ ಮಂಚದ ಮೇಲೆ ಬೆನ್ನು ಮಾಡಿ ಮಲಗಿದ್ದ. ಜಾಹೆದಾ ಎದುರಿನ ಗೋಡೆ ನೋಡಿದಳು. ಮೇಲೆ ಬುದ್ಧನ ಚಿತ್ರ, ಬಾಬಾಸಾಹೇಬರ ಚಿತ್ರ. ಅವುಗಳ ಕೆಳಗೆ ಮೂರು ಫೋಟೋಗಳು. ರುಮಾಲು ಸುತ್ತಿದ ಮುದುಕ, ಗಂಧದ ಚಕ್ಕೆಯ ಹಾರ. ಹಣೆ ತುಂಬ ಸೆರಗು ಹೊದ್ದ ಮುದುಕಿ, ಗಂಧದ ಚಕ್ಕೆಯ ಹಾರ. ಮೂರನೆಯದು ಇಪ್ಪತ್ತೆರಡರ ಹುಡುಗಿ. ಎಡಭುಜದಿಂದ ಮುಂದಕ್ಕೆ ಬಿಟ್ಟ ಉದ್ದ ಜಡೆ. ಹೊಚ್ಚ ಹೊಸ ಚೌಕಟ್ಟು, ಹೊಚ್ಚ ಹೊಸ ಹಾರ.

ಜಾಹೆದಾ ಚಹಾ ಕೆಳಗಿಟ್ಟಳು. ಗೌತಮನ ಜಡೆ ಇದು. ಈ ಮನೆಯ ಮಗಳು ಸತ್ತಿದ್ದಾಳೆ, ಗುರುವಾರ ಇವರು ಒಂದು ಮಾತೂ ಹೇಳಲಿಲ್ಲ. ಆಕೆ ಎದ್ದು ಹೋಗಿ ಅಮರಮ್ಮನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂದವು. ಅಮರಮ್ಮ ಈಕೆಯ ಮುಖ ನೋಡಿದಳು. ದವಾಖಾನೆಯಿಂದ ಬಂದ ಹೆಂಗಸು ಕೈ ಹಿಡಿದು ಅಳುತ್ತಿದ್ದಾಳೆಂದರೆ ತನ್ನ ಮಗನ ಕಾಯಿಲೆ ಕೈಮೀರಿತೆಂದೇ ಅರ್ಥ, ಆಕೆಯೂ ಅಳತೊಡಗಿದಳು. ಬಿಸ್ಕತ್ತು ಹಿಡಿದು ಬಂದ ಅಯ್ಯಪ್ಪ ಬಾಗಿಲಲ್ಲೇ ನಿಂತರು. ಏನು ಕೇಳಬೇಕೆಂದು ತಿಳಿಯದೆ, ಪೊಟ್ಟಣ ಒಡೆದು ಇಬ್ಬರಿಗೂ ಒಂದೊಂದು ಬಿಸ್ಕತ್ತು ಕೊಟ್ಟರು. ಇಬ್ಬರೂ ಬಿಸ್ಕತ್ತು ಹಿಡಿದು ಅತ್ತರು.

ಅಷ್ಟರಲ್ಲಿ ಬಸವಪ್ರಸಾದ ಬೆವರೊರೆಸಿಕೊಳ್ಳುತ್ತ ಒಳಬಂದ. "ಏನಾತು?"

"ಇವರ ಮಗಳು ತೀರಿಕೊಂಡಾಳ," ಎಂದಳು ಜಾಹೆದಾ. "ಗೋಡಿ ನೋಡು."

ಬಸವಪ್ರಸಾದ ನೋಡಿದ, ತಲೆ ತಗ್ಗಿಸಿದ. "ಯಪ್ಪಾ, ಮಗಳು ಹೋಗಿದ್ದು ನೀವು ಗುರುವಾರನ ಹೇಳಬೇಕಾಗಿತ್ತು. ಇಂಥ ದುಃಖ ಮುಚ್ಚಿಡಬಾರದು."

"ಎಲ್ಲಿ ಹೋದ್ಲು?"

"ತೀರಿಕೊಂಡದ್ದು ಅಂತೀನ್ರೀ."

"ಯಾರು, ನಾಗವೇಣಿಯೇನು?" ಅಯ್ಯಪ್ಪ ಹೆಂಡತಿಯ ಮುಖ ನೋಡಿದರು, ಫೋಟೋ ನೋಡಿದರು. "ಇವತ್ತು ಮುಂಜಾನಿ ಎಂಟಕ್ಕ ಫೋನ್ ಮಾಡ್ಯಾಳ್ರೀ ಆಕಿ. ಶೇಂಗಾ ಚಟ್ನಿ ಮುಗದದ, ಕಳಸ್ರಿ ಅಂದಾಳ. ಸತ್ತೋರು ಚಟ್ನಿ ಕೇಳ್ತಾರೇನು?"

ಸಂಗತಿ ಹೀಗಿತ್ತು, ದಿನಾಂಕಗಳನ್ನು ಅಯ್ಯಪ್ಪನವರೇ ಗೋಡೆಯ ಕ್ಯಾಲೆಂಡರ್ ತಿರುವಿ ಹೇಳಿದರು. ನಾಗವೇಣಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾದಳು. ಆಗಸ್ಟ್ 11ರಂದು ಊರಿನವರು ಸನ್ಮಾನ ಮಾಡಿದರು. 12ರ ಬೆಳಿಗ್ಗೆ ಆಕೆ ತರಬೇತಿಗೆ ಹೊರಟಳು. ಗೌತಮ ಆಗ ರಾಯಚೂರಿನಲ್ಲಿ ಒಂದು ಕಟ್ಟಡದ ಗಾರೆ ಕೆಲಸದಲ್ಲಿದ್ದ. ಅವನು ಮನೆಗೆ ಬಂದದ್ದು 20ರಂದು. ಪೇಡೆ ಹಂಚಿ ಮುಗಿದಿತ್ತು. ತರಬೇತಿ ಶಾಲೆಯಲ್ಲಿ ಮೊಬೈಲಿಗೆ ಅವಕಾಶವಿಲ್ಲ. ಭಾನುವಾರ ಹತ್ತು ನಿಮಿಷ ಕಚೇರಿಯ ಫೋನಿನಲ್ಲಿ ಬರೀ ಧ್ವನಿ.

"ಮತ್ತ ಆ ಹಾರ?" ಎಂದು ಬಸವಪ್ರಸಾದ ಕೇಳಿದ.

"ನಾನಾ ಹಾಕೀನಿ," ಎಂದರು ಅಯ್ಯಪ್ಪ. ಧ್ವನಿಯಲ್ಲಿ ಇನ್ನೂ ಸ್ವಲ್ಪ ಬಿಗುವಿತ್ತು. "ನಮ್ಮ ಮನಿತನದಾಗ ಯೂನಿಫಾರ್ಮ್ ಹಾಕಿದಾಕಿ ಆಕಿನೇ ಮೊದಲು. ಪಕ್ಕದ ಮನಿ ಶರಣಯ್ಯ ಬಂದು, ಲೇ ಅಯ್ಯಪ್ಪ, ಬದುಕಿದೋರ ಫೋಟೋಕ್ಕ ಹಾರ ಹಾಕಬಾರದೋ, ತಗಿ ಅಂದ. ಎಲ್ಲಿ ಬರದದ ತೋರ್ಸು ಅಂದೆ. ಸತ್ತ ಮ್ಯಾಲೇ ಮರ್ಯಾದಿ ಕೊಡಬೇಕೇನು ಮಂದಿಗಿ? ನಾ ಮೂಢನಂಬಿಕಿ ನಂಬೋನಲ್ಲ."

"ನೀವು ನಂಬಂಗಿಲ್ಲ, ಸರಿ," ಎಂದಳು ಜಾಹೆದಾ. ಬಸವಪ್ರಸಾದ ಅದನ್ನು ಬಾಯಿಗೆ ಏರಿಸಿದ. "ನಿಮ್ಮ ವಿಚಾರ ನಿಮ್ಮ ಮಗನಿಗಿ ಯಾರು ಹೇಳಿದ್ರು? ಈ ಮನ್ಯಾಗ ಅವಗ ಓದಾಕ ಬರೋ ಪೇಪರ್ ಇದೊಂದೇ, ಈ ಗೋಡಿ."

ಅಯ್ಯಪ್ಪ ಹೆಂಡತಿಯ ಕಡೆ ತಿರುಗಿದರು. "ನೀ ಹೇಳಿದ್ದಿ ಅಲ್ಲ ಅವಗ, ಅಕ್ಕ ಟ್ರೇನಿಂಗಿಗಿ ಹೋಗ್ಯಾಳ ಅಂತ?"

"ನೀವು ಹೇಳೀರಿ ಅಂತ ನಾ ಸುಮ್ಮಿದ್ದೆ."

ಆಮೇಲೆ ಅಮರಮ್ಮ ನೆಲ ನೋಡುತ್ತ ಹೇಳಿದಳು. "ಊರಿಗಿ ಬಂದ ದಿನ ಅವ ನನ್ನ ಕೇಳಿದ್ದ. ಮನಿ ತುಂಬ ಅಕ್ಕನ್ನ ಹುಡುಕಿ, ಎಲ್ಲಿ ಅಂತ ಕೈ ಮಾಡಿದ. ನಾ ಆ ಫೋಟೋ ತೋರಿಸಿದೆ. ನೋಡು ನಿಮ್ಮಕ್ಕ ಎಷ್ಟು ದೊಡ್ಡಾಕಿ ಆದ್ಲು ಅಂತ. ಮಗಳು ಮನ್ಯಾಗಿಲ್ಲ ಅಂತ ನನಗ ಅಳು ಬಂತು, ಅತ್ತೆ."

ಆ ದಿನದ ನಂತರ ಗೌತಮ ಏನನ್ನೂ ಕೇಳಿರಲಿಲ್ಲ. ಕೇಳಬೇಕಾದ್ದಕ್ಕೆಲ್ಲ ಉತ್ತರ ಸಿಕ್ಕಿತ್ತು. ಅವನ ಅರವತ್ತು ಸನ್ನೆಗಳನ್ನು ಬಲ್ಲ ಒಬ್ಬಳೇ ಒಬ್ಬಳು ಗೋಡೆ ಸೇರಿದ್ದಳು. ಅವನು ಗೋಡೆಯ ಮುಂದೆ ನಿಂತು ಆಕೆಯೊಂದಿಗೆ ಮಾತನಾಡುತ್ತಿದ್ದ. ಕಾಣದ ವ್ಯಕ್ತಿಗಳೊಂದಿಗೆ ಸನ್ನೆ ಎಂದು ಬರೆದವರು ಆ ವ್ಯಕ್ತಿ ಯಾರೆಂದು ಕೇಳಿದ್ದರೆ ಸಾಕಾಗಿತ್ತು.

ಜಾಹೆದಾ ಹಿತ್ತಲಿಗೆ ಹೋದಳು. ಮಂಚದ ಮುಂದೆ ಕುಳಿತು, ತನ್ನ ಭುಜದಿಂದ ಸೊಂಟದವರೆಗೆ ಜಡೆ ಹೆಣೆದಳು. ಎದೆಯ ಮೇಲೆ ಕೈಯಿಟ್ಟು ಉಸಿರು ಏರಿಳಿಯುವುದನ್ನು ತೋರಿಸಿದಳು. ದೂರದ ಕಡೆಗೆ ಬೆರಳು ಚಾಚಿದಳು. ಅಕ್ಕ ಅದಾಳ, ಅಲ್ಲಿ ಅದಾಳ. ಗೌತಮ ಆಕೆಯನ್ನು ನೋಡಿದ ನೋಟ, ಮಕ್ಕಳಿಗೆ ಸಮಾಧಾನದ ಸುಳ್ಳು ಹೇಳುವ ಹಿರಿಯರನ್ನು ನೋಡುವಂಥದು. ಅವನು ಒಳಗಿನ ಗೋಡೆಯ ಕಡೆ ಕೈ ತೋರಿಸಿ, ಕೊರಳಿನಿಂದ ಎದೆಯವರೆಗೆ ಹಾರ ಬಿಡಿಸಿ, ಮತ್ತೆ ಆಚೆ ತಿರುಗಿ ಮಲಗಿದ. ಸಾಕ್ಷ್ಯ ಅವನ ಪರವಾಗಿತ್ತು. ಬರೀ ಮಾತನ್ನು ನಂಬದೆ ಪುರಾವೆ ಕೇಳಿದ್ದು ತಪ್ಪೆಂದು ಯಾರೂ ಹೇಳುವಂತಿಲ್ಲ.

ಪುರಾವೆ ಸಿಕ್ಕಿದ್ದು ಮರುದಿನ, ನವೆಂಬರ್ 25, ಸೋಮವಾರ, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ. ಅನುರಾಧಾ ತರಬೇತಿ ಶಾಲೆಗೆ ಫೋನ್ ಮಾಡಿ ವಿಷಯ ತಿಳಿಸಿದ್ದರು. ಅಲ್ಲಿನ ಅಧಿಕಾರಿ ಪೂರ್ತಿ ಕೇಳಿ, ತಮ್ಮದೇ ಮೊಬೈಲಿನಲ್ಲಿ ಹತ್ತು ನಿಮಿಷದ ವಿಡಿಯೋ ಕರೆಗೆ ಒಪ್ಪಿದರು. ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಇದ್ದರು. ಅಯ್ಯಪ್ಪನ ಜೇಬಿನಲ್ಲಿ ಸಂಜೆಯ ಬಸ್ಸಿನ ಚೀಟಿ ಇನ್ನೂ ಇತ್ತು.

ಫೋನಿನಲ್ಲಿ ನಾಗವೇಣಿ ಮೂಡಿದಳು. ಖಾಕಿ ಅಂಗಿ. ಮತ್ತು ದುರದೃಷ್ಟಕ್ಕೆ, ಕತ್ತರಿಸಿದ ಕೂದಲು. ತರಬೇತಿಯ ಶಿಸ್ತಿಗಾಗಿ ಆಕೆ ಜಡೆ ತೆಗೆಸಿದ್ದಳು.

ಗೌತಮ ಬೆಚ್ಚಿ ಹಿಂದೆ ಸರಿದ. ಮುಖ ಅಕ್ಕನದು, ಜಡೆ ಇಲ್ಲ. ಫೋನಿನಲ್ಲಿ ಸತ್ತವರ ವಿಡಿಯೋಗಳೂ ಇರುತ್ತವೆಂದು ಅವನಿಗೆ ಗೊತ್ತು. ಅಮರಮ್ಮ ಕುರ್ಚಿಯಿಂದ ಏಳಹೊರಟಳು. ಜಾಹೆದಾ ಆಕೆಯ ಮೊಣಕಾಲು ಒತ್ತಿ ಕೂಡಿಸಿದಳು. ಅವಸರ ಮಾಡಬೇಡ, ಅವನು ವಿಚಾರಣೆ ಮಾಡಲಿ.

ಗೌತಮ ವಿಚಾರಣೆ ಮಾಡಿದ. ಫೋನಿನ ಹತ್ತಿರ ಬಂದು, ಬಲಗಿವಿಯ ಪಕ್ಕ ಒಂದು ಚೌಕ ಬಿಡಿಸಿದ, ಎರಡು ಬೆರಳಿನಲ್ಲಿ ಗುಂಡಿ ತಿರುಗಿಸಿದ, ಹುಬ್ಬೇರಿಸಿ ಎರಡೂ ಕೈ ಚೆಲ್ಲಿದ. ಆ ವಸ್ತು ಎಲ್ಲಿ?

ನಾಗವೇಣಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಆಚೀಚೆ ನೋಡಿದಳು. ಆಮೇಲೆ ಕೈಯಲ್ಲೊಂದು ಭಾರ ಎತ್ತಿ ಗಾಳಿಗೆಸೆದು, ಅದು ನೀರಿಗೆ ಬಿದ್ದು ಸುತ್ತಲೂ ಉಂಗುರವೇಳುವುದನ್ನು ಬೆರಳುಗಳಲ್ಲಿ ತೋರಿಸಿದಳು.

ಗೌತಮ ನಕ್ಕ. ಮೂರು ತಿಂಗಳ ಐದು ದಿನಗಳ ನಂತರ, ಭುಜಗಳೆರಡೂ ಅಲುಗುವಂತೆ ನಕ್ಕ.

"ಏನದು?" ಎಂದರು ಅನುರಾಧಾ.

ಜಾಹೆದಾ ನೋಡಿದ್ದನ್ನು ನೋಡಿದಂತೆ ಒಪ್ಪಿಸಿದಳು. ಬಸವಪ್ರಸಾದ ಬಾಯಿಗೆ ಏರಿಸಿದ. "ಒಂದು ಡಬ್ಬಿ, ಕಿವಿ ಹತ್ರ ಇಟ್ಟು ಗುಂಡಿ ತಿರುವೋದು. ಅಕ್ಕ ತಮ್ಮ ಇಬ್ಬರೂ ಕೂಡಿ ಅದನ್ನ ಕಾಲುವಿಗಿ ಒಗದಾರ."

ಅಯ್ಯಪ್ಪ ನಿಧಾನವಾಗಿ ಎದ್ದು ನಿಂತರು. "ನನ್ನ ರೇಡಿಯೋ?"

ಫೋನಿನಲ್ಲಿ ನಾಗವೇಣಿ ಸ್ವಲ್ಪ ಚಿಕ್ಕದಾದಳು. "ಯಪ್ಪಾ, ನೀವೆಲ್ಲ ಸಂಜಿ ಆದ್ರ ಅದರ ಸುತ್ತ ಕುಂದ್ರತಿದ್ರಿ. ಇವನ ಕಡಿ ಯಾರೂ ನೋಡ್ತಿದ್ದಿಲ್ಲ. ಇವಗ ಸಿಟ್ಟು ಬಂದಿತ್ತು. ನಾ ಬರೀ ಕಾಲುವಿ ದಾರಿ ತೋರಿಸಿದೆ."

"ನನ್ನ ಗೆಳೆಯ ಮಲ್ಲೇಶ ಕದ್ದಾನ ಅಂತ ಎಂಟು ವರ್ಷ ಅವನ್ನ ನಾ ಮಾತಾಡ್ಸಿಲ್ಲಲೇ. ಅವನ ಮಗಳ ಮದುವಿಗೂ ಹೋಗಲಿಲ್ಲ ನಾ."

"ಈಗ ಹೋಗಿ ಮಾತಾಡ್ಸು ಯಪ್ಪಾ," ಎಂದಳು ಕಾನ್‌ಸ್ಟೇಬಲ್.

ವಿಚಾರಣೆ ಮುಗಿಸಿದ ಗೌತಮ ಶಿಕ್ಷೆ ವಿಧಿಸಲು ಆರಂಭಿಸಿದ. ಹೇಳದೆ ಹೋದೆ. ಜಡೆ ಕತ್ತರಿಸಿದೆ. ಫೋಟೋದಲ್ಲಿ ನಗುತ್ತ ನಿಂತೆ, ನಾನು ಎದುರಿಗೆ ಅಳುತ್ತ ನಿಂತೆ. ಕೈಗಳು ಎಷ್ಟು ವೇಗವಾಗಿ ಹೋದವೆಂದರೆ ಜಾಹೆದಾ ಮೂರನೆಯ ನಿಮಿಷಕ್ಕೆ ಅನುವಾದ ನಿಲ್ಲಿಸಿ, "ಬೈಯಾಕತ್ತಾನ, ಅಗದಿ ಛಂದ ಬೈಯಾಕತ್ತಾನ," ಎಂದಷ್ಟೇ ಹೇಳಿ ಕುಳಿತುಬಿಟ್ಟಳು. ಆಕೆಗೆ ಬದನೆಕಾಯಿಯ ಜಗಳ ನೆನಪಾಯಿತು. ಅಧಿಕಾರಿ ಹತ್ತು ನಿಮಿಷವೆಂದಿದ್ದರು; ಕರೆ ಹದಿನೇಳು ನಿಮಿಷ ನಡೆಯಿತು. ಕೊನೆಯಲ್ಲಿ ಗೌತಮ ಹೊಟ್ಟೆ ಮುಟ್ಟಿಕೊಂಡು ತಾಯಿಯ ಕಡೆ ನೋಡಿದ. ಹಸಿದಿದ್ದ.

ಅನುರಾಧಾ ಹಳೆಯ ಪತ್ರದ ಕೆಳಗೆ ತಮ್ಮದನ್ನು ಬರೆದರು. ಈ ಯುವಕನಿಗೆ ಆಗಿದ್ದು ಶೋಕ. ಶೋಕದ ಕಾರಣ ಸುಳ್ಳು, ಶೋಕ ಸುಳ್ಳಲ್ಲ. ದಾಖಲಿಸುವ ಅಗತ್ಯವಿಲ್ಲ. ಖಾಸಗಿ ವೈದ್ಯರು ಪತ್ರದ ಜೊತೆಗೆ ಕೊಟ್ಟಿದ್ದ ಮಾತ್ರೆಗಳನ್ನು ತಮ್ಮ ಕಣ್ಗಾವಲಿನಲ್ಲಿ ಹಂತಹಂತವಾಗಿ ಇಳಿಸುವುದು. ವಾರ ಬಿಟ್ಟು ವಾರ ಗುರುವಾರ ಬರುವುದು. ಭಾನುವಾರ ಮಾನ್ವಿಗೆ ಹೋಗುವುದು. ಕೊನೆಯ ಸಾಲನ್ನು ಅವರು ಔಷಧದಂತೆಯೇ ಬರೆದರು. ಸಂಜೆಯ ಬಸ್ಸು ಮೂರು ಸೀಟು ಖಾಲಿ ಇಟ್ಟುಕೊಂಡು ಹೋಯಿತು.

ಒಂದು ವಿಡಿಯೋ ಕರೆಯಿಂದ ಎಲ್ಲವೂ ಸರಿಹೋಯಿತೆಂದು ತಿಳಿಯುವವರಿಗೆ ಒಂದು ಮಾತು. ಗೌತಮ ಮುಂದಿನ ಮಾರ್ಚ್‌ವರೆಗೆ ಗುರುವಾರಗಳಂದು ಬಂದ. ನಿದ್ದೆಯಲ್ಲಿ ಹಾರ ಕಾಣುತ್ತದೆಂದು ಹೇಳಿದ, ಮನೆಯಲ್ಲಿ ಯಾರಾದರೂ ಹೊರಗೆ ಹೋದರೆ ಎದೆ ಹೊಡೆದುಕೊಳ್ಳುತ್ತದೆಂದು ಹೇಳಿದ. ಹೇಳಲು ಅವನಿಗೀಗ ಅರವತ್ತಲ್ಲ, ಆರುನೂರು ಪದಗಳಿದ್ದವು.

ಆ ಕರೆಯ ನಂತರದ ಮೊದಲ ಭಾನುವಾರ, ಡಿಸೆಂಬರ್ ಒಂದರಂದು, ಅವನು ಮೊದಲ ಸಲ ಮಾನ್ವಿಯ ಕೂಟಕ್ಕೆ ಬಂದಿದ್ದ. ಜೊತೆಗೆ ಅಯ್ಯಪ್ಪ, ಅಮರಮ್ಮ, ಮತ್ತು ಒಂದು ಬಟ್ಟೆಯ ಚೀಲ. ಮನೆಯವರು ಒಳಗೆ ಬರುವುದು ಅಲ್ಲಿ ಅಪರೂಪ. ಹದಿನಾಲ್ಕು ಜೊತೆ ಕಣ್ಣುಗಳು ಅಯ್ಯಪ್ಪನನ್ನು ಅಳೆದವು. ದುಂಡಗೆ ಕುಳಿತವರಲ್ಲಿ ಅವರೊಬ್ಬರೇ ಕೈ ಕಟ್ಟಿಕೊಂಡಿದ್ದರು.

"ಕೈ ಬಿಚ್ಚಾಕ ಹೇಳು ಅವರಿಗಿ," ಎಂದಳು ಜಾಹೆದಾ. "ಇಲ್ಲಿ ಕೈ ಕಟ್ಟಿದ್ರ ಬಾಯಾಗ ಬಟ್ಟಿ ತುರುಕಿದಂಗ."

ಬಸವಪ್ರಸಾದ ಹೇಳಿದ. ಅಯ್ಯಪ್ಪ ಕೈ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡರು. ಎಲ್ಲಿಡಬೇಕೆಂದು ತಿಳಿಯದವರಂತೆ ಎರಡು ಸಲ ಜಾಗ ಬದಲಿಸಿದರು.

ಟ್ಯೂಬ್‌ಲೈಟ್ ಎರಡು ಸಲ ಆರಿ ಹೊತ್ತಿತು. ಹೊಸಬರು ತಮ್ಮ ಕಥೆ ಹೇಳಬೇಕೆಂಬುದು ಅಲ್ಲಿನ ಪದ್ಧತಿ. ಗೌತಮ ನಡುವೆ ಬಂದು ನಿಂತ. ಜಡೆ ಹೆಣೆದ. ಗೋಡೆ ಕಟ್ಟಿ, ಗಾರೆ ಬಳಿದು, ಮೂರು ಮೊಳೆ ಹೊಡೆದ. ಆಮೇಲೆ ಚೀಲದಿಂದ ಗಂಧದ ಚಕ್ಕೆಯ ಆ ಹಾರವನ್ನೇ ತೆಗೆದು, ನೇರ ನಡೆದು ಹೋಗಿ, ತಂದೆಯ ಕೊರಳಿಗೆ ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ, ಗಂಭೀರವಾಗಿ ಕೈ ಮುಗಿದ.

ಹದಿನಾಲ್ಕು ಜನರ ಇಪ್ಪತ್ತೆಂಟು ಕೈಗಳು ಮೇಲೆದ್ದು ಗಾಳಿಯಲ್ಲಿ ಎಲೆಗಳಂತೆ ಅಲುಗಿದವು. ಅದು ಅವರ ಚಪ್ಪಾಳೆ. ಕವಿತಾಳದ ಹುಲಿಗೇಶ ನಗು ತಡೆಯಲಾರದೆ ಮಷೀನಿಗೆ ಆತುಕೊಂಡ. ಅಮರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಯ್ಯಪ್ಪ ಹಾರ ನೋಡಿಕೊಂಡರು. "ನನ್ನ ಸಾಯಿಸೇ ಬಿಟ್ಟನಲ್ಲ ಇವ," ಎಂದರು ಬಸವಪ್ರಸಾದನಿಗೆ. ಆಮೇಲೆ ಜಾಹೆದಾಳ ಕಡೆ ತಿರುಗಿದರು. "ತಂಗಿ, ಒಂದು ಮಾತು ಕಲಿಸವ್ವ ನನಗ. 'ನಾ ಇನ್ನೂ ಅದೀನಿ' ಅನ್ನಾಕ ಹೆಂಗ ಮಾಡಬೇಕು?"

ಜಾಹೆದಾ ತೋರಿಸಿದಳು. ಎದೆಯ ಮೇಲೆ ಕೈ, ಉಸಿರಿನ ಏರಿಳಿತ, ನೆಲದ ಕಡೆಗೆ ಬೆರಳು. ಅಯ್ಯಪ್ಪ ಮಾಡಿದರು; ತಪ್ಪಾಯಿತು. ಚೀಲ ಹೊತ್ತು ಬಿರುಸಾದ ಬೆರಳುಗಳು ಬಾಗಲಿಲ್ಲ. ಗೌತಮ ಮುಂದೆ ಬಂದು, ತಂದೆಯ ಕೈ ಹಿಡಿದು, ಒಂದೊಂದೇ ಬೆರಳನ್ನು ಸರಿಯಾದ ಜಾಗಕ್ಕೆ ಇಟ್ಟ, ಗಾರೆಯ ಅಂಚು ತಿದ್ದುವಷ್ಟು ಮೆಲ್ಲಗೆ. ಮೂರನೆಯ ಸಲಕ್ಕೆ ಸರಿಬಂತು.

ಆ ದಿನ ಬೀಳ್ಕೊಡುಗೆ ಎರಡು ಗಂಟೆಯಾದರೂ ಮುಗಿಯಲಿಲ್ಲ. ಕುರ್ಡಿಯ ಬಸ್ಸು ಹೋಯಿತೆಂದು ಕೆಳಗಿನಿಂದ ಮೆಹಬೂಬ್ ಪಾಷಾ ಕೂಗಿದ. ಹೊಸ್ತಿಲಲ್ಲಿ ನಿಂತಿದ್ದವರಲ್ಲಿ ಕೇಳಿಸಿಕೊಳ್ಳಬಲ್ಲವರು ಮೂವರಿದ್ದರು, ಅವರೂ ಕೇಳಿಸಿಕೊಳ್ಳಲಿಲ್ಲ.